ಋಷಿ ಕಣಿವೆಯಿಂದ ಕಪಿಲೆಯ ತಡಿಗೆ



ವಿದ್ಯೆಯಲ್ಲಿ ಎರಡು ಬಗೆಯೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೊಟ್ಟೆಪಾಡಿಗೆ ಬೇಕಾದ ವಿದ್ಯೆ ಒಂದು, ತನ್ನನ್ನು ತಾನು ಅರಿಯುವ ವಿದ್ಯೆ ಇನ್ನೊಂದು. ಹಳೆಯ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಲೆಕ್ಕ, ಮಗ್ಗಿಗಳ ಜೊತೆಗೆ ನೀತಿಪದ್ಯಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಎರಡು ವಿದ್ಯೆಗಳೂ ಅಲ್ಲಿ ಒಂದೇ ಜಗಲಿಯ ಮೇಲೆ ಕೂತಿದ್ದವು ಎನ್ನಬಹುದು. ಆದರೆ ಅದೇ ಜಗಲಿಯ ಮೇಲೆ ಬೆತ್ತವೂ ಇತ್ತು, ಮಗುವನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡವೂ ಇತ್ತು. ನೀತಿಯನ್ನು ಹೆದರಿಸಿ ಕಲಿಸುತ್ತಿದ್ದೆವು. ಮುಂದೆ ಬಂದ ಸರ್ಕಾರಿ ಶಾಲೆಗಳಲ್ಲಿ ಕೋದಂಡ ಹೋಯಿತು, ಅದರ ಜಾಗಕ್ಕೆ ಪರೀಕ್ಷೆ ಬಂತು. ಭಯ ಮಾತ್ರ ಹೋಗಲಿಲ್ಲ.

ಈ ಭಯವನ್ನೇ ಮುಖ್ಯ ಪ್ರಶ್ನೆಯಾಗಿ ಎತ್ತಿಕೊಂಡು ಒಂದು ಶಾಲೆ ಕಟ್ಟಿದ ಪ್ರಯತ್ನ ನಮ್ಮ ಗಡಿಗೆ ತೀರ ಹತ್ತಿರದಲ್ಲೇ ನಡೆಯಿತು. ಕೋಲಾರದ ಕಡೆಯಿಂದ ಈಶಾನ್ಯಕ್ಕೆ ನಡೆದರೆ ಸಿಗುವ ಆಂಧ್ರದ ಊರು ಮದನಪಲ್ಲಿ. ತತ್ವಜ್ಞಾನಿ ಜಿಡ್ಡು ಕೃಷ್ಣಮೂರ್ತಿ 1895ರಲ್ಲಿ ಹುಟ್ಟಿದ್ದು ಅಲ್ಲಿ. ಆನಿ ಬೆಸೆಂಟರ ಥಿಯಾಸಾಫಿಕಲ್ ಬಳಗ ಅಲ್ಲಿ ಕಾಲೇಜೊಂದನ್ನು ನಡೆಸುತ್ತಿತ್ತು. 1919ರಲ್ಲಿ ಆ ಕಾಲೇಜಿಗೆ ಬಂದು ತಂಗಿದ್ದ ರವೀಂದ್ರನಾಥ ಠಾಕೂರರು ‘ಜನ ಗಣ ಮನ’ವನ್ನು ಇಂಗ್ಲಿಷಿಗೆ ಅನುವಾದಿಸಿದರು. 1901ರಲ್ಲಿ ಶಾಂತಿನಿಕೇತನದ ಮರಗಳ ಕೆಳಗೆ ಶಾಲೆ ತೆರೆದವರು ಅವರು. ಗೋಡೆಯಿಲ್ಲದ ವಿದ್ಯೆಯ ಕನಸು ಆ ಕಾಲದ ಗಾಳಿಯಲ್ಲೇ ಇತ್ತು.

ಬಾಲಕ ಕೃಷ್ಣಮೂರ್ತಿಯನ್ನು ಬರಲಿರುವ ಜಗದ್ಗುರುವೆಂದು ಭಾವಿಸಿ ಥಿಯಾಸಾಫಿಕಲ್ ನಾಯಕರು ಬೆಳೆಸಿದರು. 1911ರಲ್ಲಿ ಅವರ ಹೆಸರಿನಲ್ಲಿ ‘ನಕ್ಷತ್ರ ಸಂಘ’ವೂ ಹುಟ್ಟಿತು. 1929ರಲ್ಲಿ ಹಾಲೆಂಡಿನ ಓಮ್ಮೆನ್ ಎಂಬಲ್ಲಿ, ಸಾವಿರಾರು ಅನುಯಾಯಿಗಳ ಎದುರಿಗೆ, ಅವರು ಆ ಸಂಘವನ್ನು ತಾವೇ ವಿಸರ್ಜಿಸಿದರು. ಸತ್ಯಕ್ಕೆ ಸಂಘ, ಗುರು, ಮಾರ್ಗ ಎಂಬುದಿಲ್ಲ ಎಂದು ಹೇಳಿ ಪೀಠದಿಂದ ಇಳಿದರು. ಗುರುಪೀಠವನ್ನು ಬಿಟ್ಟ ಮನುಷ್ಯ ಶಾಲೆಯನ್ನು ಬಿಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮದನಪಲ್ಲಿಯ ಸಮೀಪದ ಒಣ ಕಣಿವೆಯೊಂದರಲ್ಲಿ ದೊಡ್ಡದೊಂದು ಆಲದ ಮರವಿತ್ತು. ಅದರ ಸುತ್ತಲಿನ ಭೂಮಿಯನ್ನು ಕೊಳ್ಳುವ ಕೆಲಸ 1926ರ ಹೊತ್ತಿಗೆ ಆರಂಭವಾಯಿತು. 1930ರ ದಶಕದ ಆರಂಭದಲ್ಲಿ ಶಾಲೆ ಅಲ್ಲಿ ನೆಲೆಗೊಂಡಿತು. ಋಷಿಕೊಂಡ ಎಂಬ ಬೆಟ್ಟದ ಹೆಸರಿನಿಂದ ಅದು ರಿಷಿ ವ್ಯಾಲಿ ಎಂದಾಯಿತು. ಬೋಳಾಗಿದ್ದ ಗುಡ್ಡಗಳಲ್ಲಿ ಗಿಡ ನೆಟ್ಟರು, ಮಳೆನೀರಿಗೆ ಒಡ್ಡು ಕಟ್ಟಿದರು. ಹಕ್ಕಿಗಳು ಮರಳಿ ಬಂದವು. 1991ರಲ್ಲಿ ಕಣಿವೆಯನ್ನು ಪಕ್ಷಿಗಳ ಆಶ್ರಯತಾಣವೆಂದು ಶಾಲೆ ಘೋಷಿಸಿತು.

ಕೃಷ್ಣಮೂರ್ತಿಯವರ ವಿಚಾರ ಕೇಳಲು ಸರಳ, ನಡೆಸಲು ಕಠಿಣ. ಒಂದು ಮಗುವನ್ನು ಇನ್ನೊಂದಕ್ಕೆ ಹೋಲಿಸಿದ ಕ್ಷಣ ಆ ಮಗುವಿಗೆ ಪೆಟ್ಟು ಕೊಟ್ಟಂತೆ ಎಂಬುದು ಅವರ ನಿಲುವು. ಹೆದರಿದ ಮನಸ್ಸು ಒಪ್ಪಿಸಬಲ್ಲದು, ಕಲಿಯಲಾರದು. ಕಲಿಸುವವನೂ ಮಗುವಿನ ಜೊತೆಗೇ ತನ್ನನ್ನು ನೋಡಿಕೊಳ್ಳುತ್ತ ಕಲಿಯಬೇಕು. ಅವರ ಪಾಲಿಗೆ ಅಧ್ಯಾತ್ಮವೆಂದರೆ ಮಂತ್ರವಲ್ಲ, ವ್ರತವಲ್ಲ, ಪೂರ್ಣ ಗಮನ. ಸಂಜೆ ಮಕ್ಕಳು ಮೌನವಾಗಿ ಕುಳಿತು ಸೂರ್ಯ ಮುಳುಗುವುದನ್ನು ನೋಡುವ ‘ಅಸ್ತಾಚಲ’ ಎಂಬ ವೇಳೆ ಆ ಶಾಲೆಯ ದಿನಚರಿಯಲ್ಲೇ ಸೇರಿದೆ. ಯಾರೂ ಅದಕ್ಕೆ ಅಂಕ ಕೊಡುವುದಿಲ್ಲ.

ಇಷ್ಟಾದರೂ ಅದು ಶುಲ್ಕ ಕೊಟ್ಟು ಓದುವ, ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆ. ಕಣಿವೆಯ ಸುತ್ತ ಬರಪೀಡಿತ ಹಳ್ಳಿಗಳು. ಉಳ್ಳವರ ಮಕ್ಕಳಿಗೆ ಸೂರ್ಯಾಸ್ತ, ಕುರಿ ಕಾಯುವವರ ಮಕ್ಕಳಿಗೆ ಏನು ಎಂಬ ಪ್ರಶ್ನೆ ಬೇಲಿಯಾಚೆಯೇ ನಿಂತಿತ್ತು. ಕೃಷ್ಣಮೂರ್ತಿ 1986ರಲ್ಲಿ ತೀರಿಕೊಂಡರು. ಅದರ ಮರುವರ್ಷದ ಹೊತ್ತಿಗೆ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರದ ದಂಪತಿ ಪದ್ಮನಾಭ ರಾವ್ ಮತ್ತು ರಮಾ ಅವರು ಈ ಪ್ರಶ್ನೆಗೆ ಉತ್ತರ ಹುಡುಕತೊಡಗಿದರು.

ಹಳ್ಳಿಯಲ್ಲಿದ್ದದ್ದು ಒಂದು ಕೋಣೆ, ಒಬ್ಬ ಶಿಕ್ಷಕ, ಬೇರೆ ಬೇರೆ ವಯಸ್ಸಿನ ಮಕ್ಕಳು. ಕಳೆ ಕೀಳುವ ಕಾಲಕ್ಕೆ ಮಗು ವಾರಗಟ್ಟಲೆ ಬರುವುದಿಲ್ಲ. ಬಂದಾಗ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದೆ ಉಳಿದು ಶಾಲೆಯನ್ನೇ ಬಿಡುತ್ತದೆ. ಅವರು ಪಠ್ಯಪುಸ್ತಕವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬಿಡಿಸಿದರು. ತೆಲುಗಿನಲ್ಲಿ, ಆ ಹಳ್ಳಿಗಳ ಕತೆ, ಹಾಡು, ಒಗಟುಗಳನ್ನು ಸೇರಿಸಿ ಬರೆದರು. ಕಾರ್ಡುಗಳಿಗೆ ಗುರುತಿನ ಚಿತ್ರಗಳನ್ನಿಟ್ಟು, ಒಂದರ ಮೇಲೊಂದು ಮೆಟ್ಟಿಲಾಗುವ ಏಣಿಯೊಂದನ್ನು ಗೋಡೆಗೆ ಹಾಕಿದರು. ಮಗು ತಾನು ಎಲ್ಲಿದ್ದೇನೆಂದು ಏಣಿ ನೋಡಿ ತಾನೇ ತಿಳಿಯುತ್ತದೆ, ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಒಂದು ತಿಂಗಳು ತಪ್ಪಿಸಿಕೊಂಡು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ‘ಮೆಟ್ರಿಕ್ ಮೇಳ’ ಎಂಬ ಮಕ್ಕಳ ಸಂತೆಯಲ್ಲಿ ತೂಕ, ಅಳತೆಗಳನ್ನು ಊರಿನವರ ಎದುರೇ ಮಾಡಿ ತೋರಿಸಿದರು. ಇಡೀ ಶಾಲೆ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು.

ಹೋಲಿಕೆ ಬೇಡ, ಭಯ ಬೇಡ ಎಂದು ತತ್ವಜ್ಞಾನಿ ಆಡಿದ ಮಾತು ಇಲ್ಲಿ ರಟ್ಟಿನ ತುಂಡಾಗಿ ಮಗುವಿನ ಕೈಗೆ ಬಂತು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಇದೇ. ಎಲ್ಲರೂ ಬೇರೆ ಬೇರೆ ಮೆಟ್ಟಿಲಲ್ಲಿ ಇರುವಾಗ ಮೊದಲನೆಯವನು ಯಾರು, ಕೊನೆಯವನು ಯಾರು?

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ಇದನ್ನು ನೋಡಿದರು. ವಯನಾಡಿನ ನಮ್ಮ ಕೇಳುಗರಿಗೆ ಈ ತಾಲ್ಲೂಕು ಕಾಡಿನಾಚೆಯ ನೆರೆಮನೆ. ಕಪಿಲೆಯ ತಡಿಯ ಹಳ್ಳಿಗಳು, ಜೇನುಕುರುಬರ, ಕಾಡುಕುರುಬರ ಹಾಡಿಗಳು. ಒಂಟಿ ಶಿಕ್ಷಕರ ಕಷ್ಟ ಅಲ್ಲಿಯೂ ಇತ್ತು. ಮರಳಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಕನ್ನಡದಲ್ಲಿ ಕಾರ್ಡು ಬರೆದರು, ತಮ್ಮ ಸೀಮೆಯ ಹಾಡು ಕಟ್ಟಿದರು. ಕೋಣೆಯ ಮೇಲ್ಭಾಗದಲ್ಲಿ ದಾರ ಕಟ್ಟಿ ಚಪ್ಪರ ಮಾಡಿ ಮಕ್ಕಳ ಕೆಲಸವನ್ನು ತೂಗುಹಾಕಿದರು; ಮಗುವಿನ ಕೈಗೆಟುಕುವಂತೆ ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದರು. ಶಿಕ್ಷಕರು ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ನಡುವೆ ಕುಳಿತರು. ಆ ಪದ್ಧತಿಗೆ ‘ನಲಿ-ಕಲಿ’ ಎಂದು ಹೆಸರಾಯಿತು. 2003ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯ ಶಾಲೆಗಳೂ ಇದೇ ಮೂಲದಿಂದ ಕಲಿತು ಕಾರ್ಡಿನ ಪದ್ಧತಿಗೆ ಕೈಹಾಕಿದವು. 2009-10ರಲ್ಲಿ ನಲಿ-ಕಲಿ ಕರ್ನಾಟಕದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು.

ಹರಡಿದ ಮೇಲೆ ತೊಡಕುಗಳೂ ಕಂಡವು. ಕಾರ್ಡು ಹರಿದರೆ ಹೊಸದು ಬರುವುದು ತಡ. ಮಕ್ಕಳ ಸಂಖ್ಯೆ ಹೆಚ್ಚಿದ ಕಡೆ ಒಬ್ಬರೇ ಎಲ್ಲ ಗುಂಪುಗಳನ್ನು ನೋಡುವುದು ಕಷ್ಟ. ದಾಖಲೆ ಬರೆಯುವುದರಲ್ಲೇ ಹೊತ್ತು ಹೋಗುತ್ತದೆಂದು ಶಿಕ್ಷಕರು ಗೊಣಗಿದರು. ಕೋಟೆಯ ಶಿಕ್ಷಕರು ತಾವೇ ನೋಡಿ, ಒಪ್ಪಿ, ಬರೆದು ಮಾಡಿದ ಕೆಲಸ ಅದು. ಬೇರೆಡೆ ಅದು ಆದೇಶವಾಗಿ ಬಂತು. ಕಾರ್ಡನ್ನು ಅಚ್ಚು ಹಾಕಿ ಕಳಿಸಬಹುದು. ಮಗುವನ್ನು ಸಹನೆಯಿಂದ ನೋಡುವ ಕಣ್ಣನ್ನು ಕಳಿಸಲಾಗದು. ಅದು ಶಿಕ್ಷಕರ ಒಳಗಿನಿಂದಲೇ ಬರಬೇಕು. ಕೃಷ್ಣಮೂರ್ತಿಯವರು ಜೀವಮಾನವಿಡೀ ಹೇಳಿದ್ದು ಇದನ್ನೇ.

ಬಂಧುಗಳೇ, ಈ ಇತಿಹಾಸ ನಮಗೆ ಏಕೆ ಬೇಕು? ಮಡಕಶಿರದಿಂದ ತಾಳವಾಡಿಯವರೆಗೆ, ಜತ್ತಿನಿಂದ ಕಾಸರಗೋಡಿನವರೆಗೆ ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆ, ಶಿಕ್ಷಕರು ಇನ್ನೂ ಕಡಿಮೆ. ಪುಸ್ತಕ ತಡವಾಗಿ ಬರುವುದು ಹೊಸ ದೂರಲ್ಲ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಕಾಸರಗೋಡಿನ ಹೆತ್ತವರು ಬೀದಿಗಿಳಿದದ್ದು ಬರಿಯ ಭಾಷಾಭಿಮಾನದಿಂದ ಅಲ್ಲ. ತನ್ನ ಮಾತು ಅರ್ಥವಾಗದವರ ಮುಂದೆ ಮಗು ಬಾಯಿ ಮುಚ್ಚುತ್ತದೆ. ಪ್ರಶ್ನೆ ಕೇಳದ ಮಗುವಿನ ಅರಿವು ಹಿಗ್ಗುವುದಾದರೂ ಹೇಗೆ? ಕೋದಂಡವಿಲ್ಲದೆಯೂ ಭಯ ಹುಟ್ಟುವುದು ಹೀಗೆಯೇ.

ತೆಲುಗು ಸೀಮೆಯ ಹಳ್ಳಿಯವರಿಗಾಗಿ ಮಾಡಿದ್ದನ್ನು ಕನ್ನಡದ ಶಿಕ್ಷಕರು ನೋಡಿ ಕಲಿತರು. ತಮ್ಮ ನುಡಿಯಲ್ಲಿ ಹೊಸದಾಗಿ ಕಟ್ಟಿಕೊಂಡರು. ಗಡಿ ಅದಕ್ಕೆ ಅಡ್ಡಬರಲಿಲ್ಲ. ನಮ್ಮ ಊರಿನ ಶಾಲೆಯಲ್ಲಿ ಒಬ್ಬ ಶಿಕ್ಷಕ, ಹತ್ತು ಮಕ್ಕಳು ಉಳಿದಿದ್ದರೂ, ನಮ್ಮ ಅಜ್ಜಿಯರ ಒಗಟು, ನಮ್ಮ ಜಾತ್ರೆಯ ಹಾಡು ಹತ್ತು ರಟ್ಟಿನ ಮೇಲೆ ಇಳಿಯಬಹುದು. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಈ ವಾರ ಒಮ್ಮೆ ನಿಮ್ಮ ಶಾಲೆಯ ಬಾಗಿಲಿಗೆ ಹೋಗಿ ಬನ್ನಿ.