ಸೂಚ್ಯಂಕಕ್ಕೆ ಸಿಗದ ಪ್ಲವಕಗಳು

ನಮ್ಮ ಜಲಾಶಯಗಳ ಮೇಲಿನ ಪ್ರಬಂಧಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಪ್ರಾಣಿಪ್ಲವಕಗಳ ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕ 3 ದಾಟಿದರೆ ನೀರು ಶುದ್ಧ, 1ಕ್ಕಿಂತ ಇಳಿದರೆ ಕಲುಷಿತ. 1968ರಲ್ಲಿ ವಿಲ್ಮ್ ಮತ್ತು ಡಾರಿಸ್ ಈ ಅಳತೆಗೋಲು ಕೊಟ್ಟದ್ದು ಹೊಳೆಗಳ ತಳದಲ್ಲಿ ಬದುಕುವ ಅಕಶೇರುಕಗಳನ್ನು ನೋಡಿ. ತೇಲುವ ಜೀವಿಗಳಿಗೆ ಅದನ್ನು ಹಾಗೇ ಹೊಂದಿಸುವುದು ಸರಿಯೇ ಎಂದು ಕೇಳುವವರು ಕಡಿಮೆ.

ಪ್ಲವಕಗಳಿಗೆ ಹೆನ್ಸನ್ ಹೆಸರಿಟ್ಟದ್ದು 1887ರಲ್ಲಿ. ಜೀವಿಗಳನ್ನು ನೋಡಿ ಕೊಳಚೆಯ ಮಟ್ಟ ಹೇಳುವ ಪದ್ಧತಿಯನ್ನು ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908–09ರಲ್ಲಿ ಕಟ್ಟಿದರು.

ನಿಜವಾದ ತಿರುವು ಬಂದದ್ದು ಜೆಕೊಸ್ಲೊವಾಕಿಯಾದಿಂದ. ಮೀನು ಹೆಚ್ಚಿದಲ್ಲಿ ದೊಡ್ಡ ಡ್ಯಾಫ್ನಿಯಾ ಮಾಯವಾಗಿ ಸಣ್ಣ ಜೀವಿಗಳು ಉಳಿಯುತ್ತವೆ, ಪಾಚಿ ಹೆಚ್ಚುತ್ತದೆ, ನೀರು ಮಬ್ಬಾಗುತ್ತದೆ ಎಂದು 1960ರ ದಶಕದ ಆರಂಭದಲ್ಲಿ ಹ್ರ್ಬಾಚೆಕ್ ತೋರಿಸಿದರು. 1965ರಲ್ಲಿ ಬ್ರೂಕ್ಸ್ ಮತ್ತು ಡಾಡ್ಸನ್ ಕನೆಕ್ಟಿಕಟ್‌ನ ಕೆರೆಗಳಲ್ಲಿ ಇದಕ್ಕೆ ಹೊಂದುವ ಚಿತ್ರವನ್ನೇ ಕಂಡರು. ಕೀರ್ತಿ ಹೆಚ್ಚಾಗಿ ಅವರಿಗೇ ಹೋಯಿತು, ಅದು ನ್ಯಾಯವಲ್ಲ. ವಲ್ತಾವಾ ನದಿಯ ಸ್ಲಾಪಿ ಜಲಾಶಯದಲ್ಲಿ ಹ್ರ್ಬಾಚೆಕ್ ಬಳಗ ಹೊರಹರಿವು, ಮೀನು, ಪ್ಲವಕ ಮೂರನ್ನೂ ಒಟ್ಟಿಗೆ ವರ್ಷಗಟ್ಟಲೆ ಗಮನಿಸಿತು. ಅದೇ ನಾಡಿನ ಸ್ಲಾಡೆಚೆಕ್ 1983ರಲ್ಲಿ ಬ್ರಾಕಿಯೋನಸ್ ಮತ್ತು ಟ್ರೈಕೊಸರ್ಕಾ ಎಂಬ ರೋಟಿಫರ್‌ಗಳ ಪ್ರಭೇದಗಳ ಅನುಪಾತದಿಂದ ಪೋಷಕಾಂಶದ ಮಟ್ಟ ಅಳೆಯುವ ದಾರಿ ತೋರಿಸಿದರು.

ನಮ್ಮಲ್ಲಿ ಮೆಟ್ಟೂರಿನಲ್ಲಿ ಗಣಪತಿ, ಭವಾನಿಸಾಗರದಲ್ಲಿ ಶ್ರೀನಿವಾಸನ್ ಬುನಾದಿ ಹಾಕಿದರು. 1971ರಲ್ಲಿ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಜಲಾಶಯಗಳ ಸಮನ್ವಯ ಯೋಜನೆ ಶುರುವಾಯಿತು. ಡ್ಯಾಫ್ನಿಯಾ ಸೇರಿದ ಕ್ಲಾಡೊಸೆರಾ ಗುಂಪಿನ ಮೇಲೆ ಮೈಕೆಲ್ ಮತ್ತು ಶರ್ಮಾ ಬರೆದ ಸಂಪುಟ 1988ರಲ್ಲಿ ಬಂದಮೇಲೆ ನಮ್ಮ ಪೀಳಿಗೆಯ ಕೈಗೆ ಭದ್ರವಾದ ಆಧಾರ ಸಿಕ್ಕಿತು. ಒಂದು ಮಿಲಿಲೀಟರ್ ಹಿಡಿಯುವ ಸೆಡ್ಜ್‌ವಿಕ್-ರಾಫ್ಟರ್ ಕೋಶದಲ್ಲಿ ಎಣಿಸಿ, ಒಂದೊಂದನ್ನೂ ಹೊರಳಿಸಿ ನೋಡಿ ಹೆಸರಿಸಿದೆವು. ಅದರಲ್ಲಿ ಕಲಿತದ್ದು ಬಹಳ. ಆಸ್ಪ್ಲಾಂಕ್ನಾ ಎಂಬ ಬೇಟೆಗಾರ ರೋಟಿಫರ್ ನೀರಿನಲ್ಲಿದ್ದರೆ ಬ್ರಾಕಿಯೋನಸ್ ಕ್ಯಾಲಿಸಿಫ್ಲೋರಸ್‌ನ ಮರಿಗಳಿಗೆ ಹಿಂಬದಿಯಲ್ಲಿ ಎರಡು ಉದ್ದ ಮುಳ್ಳು ಮೂಡುತ್ತವೆ. ಇದನ್ನು ಅರಿಯದೆ ಮುಳ್ಳಿರುವುದನ್ನೂ ಇಲ್ಲದ್ದನ್ನೂ ಎರಡು ಪ್ರಭೇದವೆಂದು ಎಣಿಸಿದರೆ ಸೂಚ್ಯಂಕ ಏರುತ್ತದೆ. ನೀರು ಮಾತ್ರ ಇದ್ದ ಹಾಗೇ ಇರುತ್ತದೆ.

ಮುಂಗಾರಿನ ಕೆಂಪು ನೀರು ಬಂದಾಗ ಸೋಸಿ ತಿನ್ನುವ ಕ್ಲಾಡೊಸೆರಾಗಳಿಗೆ ಆಹಾರದ ಜೊತೆ ಹೂಳೂ ಸೇರುತ್ತದೆ, ಅವು ಸೊರಗುತ್ತವೆ. ಕೆಲವೇ ದಿನಗಳಲ್ಲಿ ಹೊಸ ಪೀಳಿಗೆ ಕೊಡುವ ರೋಟಿಫರ್‌ಗಳು ಬೇಗ ಚೇತರಿಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರಿಳಿದು ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ ಕಟ್ಟಿದಾಗ ಅದರ ಗುಂಪುಗಳು ಸಣ್ಣ ಬಾಯಿಗೆ ಹಿಡಿಸುವುದಿಲ್ಲ. ಎರಡೂ ಸಲ ಸಮುದಾಯ ಬದಲಾಗುತ್ತದೆ, ಕಾರಣ ಮಾತ್ರ ಬೇರೆ.

ಇನ್ನು ಮೀನು. ಜಲಾಶಯಗಳಿಗೆ ಬಿಡುವ ಕಾಟ್ಲಾ ಮೇಲ್ಪದರದ ಪ್ರಾಣಿಪ್ಲವಕಗಳನ್ನೇ ಹೆಚ್ಚಾಗಿ ತಿಂದು ಬೆಳೆಯುತ್ತದೆ. ಆದರೆ ಮರಿಬಿತ್ತನೆಯ ಲೆಕ್ಕ ಮೀನುಗಾರಿಕೆ ಇಲಾಖೆಯಲ್ಲಿ, ನೀರಿನ ಮಟ್ಟ ನೀರಾವರಿಯವರಲ್ಲಿ, ಪ್ಲವಕಗಳ ಎಣಿಕೆ ಪಿಎಚ್‌.ಡಿ. ಪ್ರಬಂಧದಲ್ಲಿ. ದೊಡ್ಡ ಜೀವಿಗಳು ಕಡಿಮೆಯಾದರೆ ದೂರು ಕೊಳಚೆಯ ಮೇಲೆ. ಈ ಅಲಕ್ಷ್ಯ ನಮ್ಮದಷ್ಟೇ ಅಲ್ಲ: ಯುರೋಪು 2000ದ ಜಲನೀತಿಯ ಮಾನದಂಡಗಳಲ್ಲಿ ಪ್ರಾಣಿಪ್ಲವಕಗಳನ್ನೇ ಬಿಟ್ಟಿತು. ಯೆಪ್ಪೆಸೆನ್ ಮತ್ತು ಸಂಗಡಿಗರು 2011ರಲ್ಲಿ ಅದನ್ನು ಪ್ರಶ್ನಿಸಿದರು. ಇಲ್ಲಿಯೂ ಅಂಥ ದನಿ ಏಳಬೇಕು.

ಎಣಿಸದೆ ಕಳೆದ ವರ್ಷಗಳನ್ನು ಒಂದಿಷ್ಟು ಮರಳಿ ಪಡೆಯಲು ದಾರಿಯಿದೆ. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯವನ್ನು 105ರ ಆಸುಪಾಸಿಗೆ ಇಳಿಸಿದ ಹೂಳಿನಲ್ಲಿ ಕ್ಲಾಡೊಸೆರಾಗಳ ಸುಪ್ತ ಮೊಟ್ಟೆಗಳೂ ಚಿಪ್ಪುಗಳೂ ಸೇರಿರುತ್ತವೆ. ಹೂಳೆತ್ತುವ ಮಾತು ಮತ್ತೆ ಮತ್ತೆ ಏಳುತ್ತಿದೆ. ಎತ್ತುವ ಮೊದಲು, ಅಣೆಕಟ್ಟೆಯ ಬಳಿ ಪದರ ಕದಡದ ಆಳದಿಂದ ಕೊಳವೆಯಲ್ಲಿ ಮಣ್ಣು ತೆಗೆದು ಪದರಪದರವಾಗಿ ಪರೀಕ್ಷಿಸುವ ಕೆಲಸಕ್ಕೆ ಹಣ ಕೊಡಬೇಕು.