ಟರ್ಮಿನಲ್ ಪೇಜರ್‌ನಲ್ಲಿ ಬಣ್ಣದ ಔಟ್‌ಪುಟ್: ಇತಿಹಾಸ

ಉದ್ದದ ಔಟ್‌ಪುಟ್ಟನ್ನು ಒಂದೊಂದು ಪರದೆಯಷ್ಟೇ ತೋರಿಸಿ ಕೀಲಿ ಒತ್ತುವವರೆಗೆ ಕಾಯುವ ತಂತ್ರಾಂಶವೇ ಪೇಜರ್. 1978ರಲ್ಲಿ ಬರ್ಕ್ಲಿಯಲ್ಲಿ ಡೇನಿಯಲ್ ಹಾಲ್ಬರ್ಟ್ ಬರೆದ ‘ಮೋರ್’, 1983–85ರಲ್ಲಿ ಮಾರ್ಕ್ ನುಡೆಲ್‌ಮನ್ ಬರೆದ ‘ಲೆಸ್’ ಇವುಗಳಲ್ಲಿ ಹೆಸರಾದವು. ಬಣ್ಣಕ್ಕೆ ಬಳಸುವ ಎಸ್ಕೇಪ್ ಸಂಕೇತಗಳ ರೂಪವನ್ನು 1979ರ ಆನ್ಸಿ ಎಕ್ಸ್3.64 ಮಾನಕ ನಿಗದಿಪಡಿಸಿತು. ಅದಕ್ಕೂ ಮುಂಚೆಯೇ ಕೈಪಿಡಿಗಳಲ್ಲಿ ಒಂದು ಅಕ್ಷರ, ಬ್ಯಾಕ್‌ಸ್ಪೇಸ್, ಮತ್ತೆ ಅದೇ ಅಕ್ಷರ ಬರೆದು ದಪ್ಪಕ್ಷರ ಮೂಡಿಸುವ ರೂಢಿಯಿತ್ತು. ಪೇಜರ್‌ಗಳು ಅದನ್ನು ಗುರುತಿಸುತ್ತಿದ್ದವು.

ಬಣ್ಣವನ್ನು ಪೇಜರ್ ನುಂಗುತ್ತದೆ ಎಂಬ ದೂರು ಸಾಮಾನ್ಯ. ಆದರೆ ಬಹಳಷ್ಟು ಸಲ ಬಣ್ಣ ಪೇಜರನ್ನು ತಲುಪಿಯೇ ಇರುವುದಿಲ್ಲ. ಔಟ್‌ಪುಟ್ ಹೋಗುತ್ತಿರುವುದು ಟರ್ಮಿನಲ್‌ಗೋ, ಬೇರೊಂದು ಪ್ರೋಗ್ರಾಂಗೆ ಸಾಗಿಸುವ ಪೈಪಿಗೋ ಎಂಬುದನ್ನು ಪ್ರೋಗ್ರಾಂ ಯೂನಿಕ್ಸ್‌ನ ‘ಐಸಾಟಿಟಿವೈ’ ಕರೆಯಿಂದ ಕೇಳಿ ತಿಳಿದುಕೊಳ್ಳುತ್ತದೆ. ಪೈಪಾದರೆ ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’, ಪಠ್ಯ ಹುಡುಕುವ ‘ಗ್ರೆಪ್’ ತಾವಾಗಿಯೇ ಬಣ್ಣ ಕೈಬಿಡುತ್ತವೆ. ಈ ನಡೆ ಬಣ್ಣಕ್ಕಿಂತ ಹಳೆಯದು. ಬರ್ಕ್ಲಿಯ ‘ಎಲ್‌ಎಸ್’ ಟರ್ಮಿನಲ್‌ಗೆ ಕಂಬಸಾಲುಗಳಲ್ಲಿ, ಪೈಪಿಗೆ ಸಾಲಿಗೊಂದು ಹೆಸರಿನಂತೆ ಬರೆಯುವುದನ್ನು ರಾಬ್ ಪೈಕ್ ಮತ್ತು ಬ್ರಯಾನ್ ಕರ್ನಿಘನ್ 1984ರಲ್ಲೇ ಟೀಕಿಸಿದ್ದರು. ಹಾಗಾಗಿ ಈ ಇತಿಹಾಸದ ತಿರುವು ಬಣ್ಣದ ಪರದೆಯಲ್ಲ, ತನ್ನ ಓದುಗ ಯಾರೆಂದು ಪ್ರೋಗ್ರಾಂ ಇಣುಕಿ ನೋಡತೊಡಗಿದ್ದು. ‘ಕಲರ್=ಆಲ್ವೇಸ್’ ಎಂದು ಒತ್ತಾಯಿಸಿದರೂ ‘ಲೆಸ್’ನಲ್ಲಿ ಇಎಸ್‌ಸಿ, ಚೌಕ ಆವರಣ, ಅಂಕಿಗಳ ಕಸವೇ ಕಾಣುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ; ಅದು ಎರಡನೇ ಬಾಗಿಲು. ಆದರೆ ‘ಲೆಸ್’ನ ಆ ಬಿಗಿ ಸಕಾರಣ. ಅದರ ಚಿಕ್ಕ ‘ಆರ್’ ಆಯ್ಕೆ ಎಲ್ಲ ನಿಯಂತ್ರಣ ಸಂಕೇತಗಳನ್ನೂ ಹಾಗೇ ಬಿಡುತ್ತದೆ. ಕರ್ಸರ್ ಎಲ್ಲಿ ಹೋಯಿತೆಂಬುದು ಪೇಜರಿಗೇ ತಿಳಿಯದೆ ಸಾಲುಗಳು ಒಡೆದುಹೋಗಬಹುದು. ದೊಡ್ಡ ‘ಆರ್’ ಮುಖ್ಯವಾಗಿ ಬಣ್ಣದ ಸಂಕೇತಗಳಿಗೆ ದಾರಿ ಬಿಟ್ಟು, ಅವುಗಳ ಅಗಲ ಸೊನ್ನೆಯೆಂದು ಎಣಿಸುತ್ತದೆ. ಆವೃತ್ತಿ ನಿಯಂತ್ರಣದ ‘ಗಿಟ್’ ಪೇಜರನ್ನು ತಾನೇ ಕರೆಯುವುದರಿಂದ, ಬಳಕೆದಾರರು ಬೇರೆ ಹೇಳದಿದ್ದರೆ, ಈ ದೊಡ್ಡ ‘ಆರ್’ ಸೇರಿಸಿಯೇ ಕಳಿಸುತ್ತದೆ.

ಅಗಲದ ಈ ಲೆಕ್ಕ ಕನ್ನಡಕ್ಕೆ ಬಂದಾಗ ಇನ್ನೂ ತೊಡಕು. ಚಳ್ಳಕೆರೆ ಸೀಮೆಯ ಊರಾದ ‘ದೊಡ್ಡಉಳ್ಳಾರ್ತಿ’ಯ ಹೆಸರಿನ ಕಡತವನ್ನು ಬಣ್ಣದಲ್ಲಿ ಪಟ್ಟಿ ಮಾಡಿದರೆ ಕಣ್ಣಿಗೆ ಕಾಣುವುದು 5 ಅಕ್ಷರ. ಯೂನಿಕೋಡ್‌ನಲ್ಲಿ 14 ಸಂಕೇತ, ಯುಟಿಎಫ್-8ರಲ್ಲಿ 42 ಬೈಟ್. ಬಣ್ಣದ ಸಂಕೇತದ ಆಕಾರ ನಿಶ್ಚಿತವಾದ್ದರಿಂದ ಅದನ್ನು ಲೆಕ್ಕದಿಂದ ಕಳೆಯುವುದು ಸುಲಭ. ಆದರೆ ಒತ್ತು, ಗುಣಿತಗಳಿಗೆ ಎಷ್ಟು ಅಂಕಣ ಎಂಬುದನ್ನು ಪೇಜರ್ ಒಂದು ಕೋಷ್ಟಕದಿಂದ, ಟರ್ಮಿನಲ್ ಇನ್ನೊಂದರಿಂದ ನಿರ್ಧರಿಸುತ್ತವೆ. ಎರಡೂ ಹೊಂದದಿದ್ದರೆ ಸಾಲು ಮಡಚುವ ಜಾಗ ತಪ್ಪುತ್ತದೆ. ಅಂಥ ಕಡೆ ಬಣ್ಣ ತೆಗೆದರೂ ದೋಷ ಉಳಿದೇ ಇರುತ್ತದೆ.