ಮದ್ರಾಸು, ಮೈಸೂರು, ಕೊಣಾಜೆ

ನಮ್ಮ ಕುಂದಾಪ್ರದ ಮಕ್ಕಳ ಪದವಿ ಯಾವ ಊರಿನ ನಿಯಮಕ್ಕೆ ಸೇರಬೇಕೆಂದು ತೀರ್ಮಾನಿಸಿದ್ದು ರಾಜ್ಯದ ಗಡಿ. 1949ರಲ್ಲಿ ಉಡುಪಿಯಲ್ಲಿ ಎಂಜಿಎಂ ಕಾಲೇಜು ತೆರೆದಾಗ ನಾವು ಮದ್ರಾಸಿನವರು. ಪರೀಕ್ಷೆಯೂ ಮದ್ರಾಸ್ ವಿಶ್ವವಿದ್ಯಾಲಯದ್ದು. 1956ರಲ್ಲಿ ಗಡಿ ಬದಲಾಯಿತು. 1963ರಲ್ಲಿ ಕುಂದಾಪುರಕ್ಕೆ ಭಂಡಾರ್ಕಾರ್ಸ್ ಕಾಲೇಜು ಬರುವಾಗ ನಾವು ಮೈಸೂರಿನ ಪಾಲು.

ನಾನು ಓದಿದ್ದು ಆ ಕಾಲದಲ್ಲಿ. ವರ್ಷವಿಡೀ ಓದಿದ್ದನ್ನು ಮೂರು ತಾಸಿನಲ್ಲಿ ಬರೆದು ಮುಗಿಸಬೇಕು. ಬೈಂದೂರು ಕಡೆಯಿಂದ ಬರುವವರಿಗೆ ಬೆಳಗಿನ ಬಸ್ಸು ತಪ್ಪಿದರೆ ವರ್ಷವೇ ಹೋದಂತೆ. ಪರೀಕ್ಷೆಯ ದಿನ ಅಮ್ಮ ಗಂಜಿ ಬಡಿಸುತ್ತಾ ಹೇಳುತ್ತಿದ್ದದ್ದು ಒಂದೇ ಮಾತು: "ಹೊತ್ತಿಗ್ ಸರಿಯಾಯ್ ಹೋಯ್ಕ್ ಮಗಾ." ಫಲಿತಾಂಶಕ್ಕೆ ಪೇಪರಿನಲ್ಲಿ ನಂಬರು ಹುಡುಕುತ್ತಿದ್ದೆವು. ಎಲ್ಲಿ ಎಡವಿದೆವು ಎಂದು ತಿಳಿಸುವವರು ಯಾರೂ ಇರಲಿಲ್ಲ, ಅದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ವಿಶ್ವವಿದ್ಯಾಲಯದ ಕಚೇರಿ ಕೆಲಸಕ್ಕೆ ಮೈಸೂರಿಗೆ ಘಟ್ಟ ಹತ್ತುವುದು ತಪ್ಪಿತು. ಮುಂದೆ ಸೆಮಿಸ್ಟರ್ ಬಂತು. 2021ರಲ್ಲಿ ರಾಜ್ಯದಲ್ಲಿ ಜಾರಿಯಾದ ಹೊಸ ಶಿಕ್ಷಣ ನೀತಿಯಲ್ಲಿ 100ರಲ್ಲಿ 40 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಇತ್ತು. ದೂರದಿಂದ ಬರುವ ಮಕ್ಕಳಿಗೆ ಇದು ಆಸರೆಯಾಗಿತ್ತು, ಮೇಷ್ಟ್ರು ನ್ಯಾಯವಾಗಿದ್ದರೆ. 2024ರಲ್ಲಿ ರಾಜ್ಯ ಆ ನೀತಿಯನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಿರಿಯರೂ ಕಿರಿಯರೂ ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ನಿಯಮದಡಿ ಪರೀಕ್ಷೆ ಬರೆದರು.